ಕೆಳನಾಡಿನಿಂದ ನಡೆದು ಬಂದವನು

ಸತ್ತು ಎಷ್ಟೋ ವರ್ಷವಾಗಿದ್ದ ನಮ್ಮಪ್ಪ ಗೆಬೆಯೆಹು ಮನೆಗೆ ನಡೆದುಕೊಂಡು ಬರುತ್ತಿದ್ದಾನೆ ಎಂದು ನಮ್ಮವ್ವ ಮೊದಲ ಸಲ ಹೇಳಿದಾಗ ನಾನು ನಕ್ಕುಬಿಟ್ಟೆ. ಕಾಫಿ ಬೀಜ ಹುರಿಯುತ್ತಾ ಕೂತ ಹೆಂಗಸು, ಸಾರಿಗೆ ಉಪ್ಪು ಸಾಲದು ಎನ್ನುವ ದನಿಯಲ್ಲಿ ಅಂಥ ಮಾತಾಡಿದರೆ ಯಾರಿಗೆ ನಗು ಬರುವುದಿಲ್ಲ? ಎಲ್ಲಿಯ ತನಕ ಬಂದಿದ್ದಾನಂತೆ ಎಂದು ಕೇಳಿದೆ.

“ಕಲ್ಲುಬಾಗಿಲಿಂದ ಕೆಳಗೆ, ಎರಡನೇ ತಿರುವಲ್ಲವ್ನೆ,” ಎಂದಳು ಅವ್ವ. “ಹೋದ ವರ್ಷ ಇನ್ನೂ ಕೆಳಗಿದ್ದ. ಮಂಡಿನೋವು ಇತ್ತಲ್ಲ, ನಿಧಾನವಾಗೇ ಬರ್ಬೇಕು.”

ಕಲ್ಲುಬಾಗಿಲು ಎಂದರೆ ಬಂಡೆಯ ಸೀಳು. ಕೆಳನಾಡಿನಿಂದ ಸುತ್ತಿ ಸುತ್ತಿ ಹತ್ತುವ ಹೇಸರಗತ್ತೆಯ ದಾರಿ ಅದರೊಳಗೆ ತೂರಿ ಎತ್ತರದ ಬಯಲಲ್ಲಿರುವ ನಮ್ಮೂರು ಗೊಶ್ ಮೆದಾ ಸೇರುತ್ತದೆ. ನಮ್ಮ ಗಂಡಸರು ಎಳ್ಳಿನ ಕೊಯ್ಲಿಗೆ ಅದೇ ದಾರಿಯಲ್ಲಿ ಇಳಿದು ಹೋಗುತ್ತಾರೆ. ಕೆಲವರು ಅಲ್ಲಿಯ ಜ್ವರ ಹತ್ತಿಸಿಕೊಂಡು ವಾಪಸಾಗುತ್ತಾರೆ. ಜ್ವರವಿದ್ದವನು ಕಲ್ಲುಬಾಗಿಲು ದಾಟುವಂತಿಲ್ಲ. ಕೆಳಗಿನ ಗುಡಿಸಲಲ್ಲಿ ಬಿದ್ದುಕೊಂಡಿದ್ದು, ಬಿಟ್ಟ ಮೇಲೆ ಬರಬೇಕು. ಸತ್ತರೆ ಅಲ್ಲೇ ಮಣ್ಣು. ಹೆಣವನ್ನೂ ಮೇಲೆ ತರುವುದಿಲ್ಲ. ಈ ಕಟ್ಟುಪಾಡಿನಿಂದಲೇ ಆ ಜ್ವರ ನಮ್ಮೂರಿಗೆ ಹತ್ತಿಲ್ಲ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಅಪ್ಪನ ಹೆಣವೂ ಮೇಲೆ ಬರಲಿಲ್ಲ. ಸುದ್ದಿ ಬಂದ ದಿನ ಊರಿನವರು ಗೋಳಿಡಲು ಅಂಗಳದಲ್ಲಿ ಸೇರಿದರೆ, ಅವ್ವ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕಳಿಸಿಬಿಟ್ಟಳು. ಮುಖ ನೋಡದೆ ನಾನು ಅಳುವವಳಲ್ಲ, ಕಾಫಿ ಕುಡಿದು ಹೊರಡಿ ಎಂದಳಂತೆ. ಊರಲ್ಲಿ ಇದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ನಾನು ಕೇಳಿಸಿಕೊಂಡರೆ ಸುಮ್ಮನಿರುವುದಿಲ್ಲ ಎಂದು ಗೊತ್ತಿದ್ದರಿಂದ ನನ್ನ ಬೆನ್ನ ಹಿಂದೆ.

ಅಪ್ಪ ಬದುಕಿದ್ದಾಗ ಮಾಡುತ್ತಿದ್ದ ಕೆಲಸ ಈಗ ನನ್ನದು. ಮಿಕಾಯೆಲನ ಚರ್ಚಿನ ಪಕ್ಕದ ಬಯಲಲ್ಲಿ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಮರದ ಗೂಡು ನಿಂತಿದೆ. ಅದರೊಳಗೆ ಥರ್ಮಾಮೀಟರುಗಳಿವೆ. ರಾತ್ರಿಯದನ್ನು ಅಳೆಯುವುದು ಮಲಗಿರುತ್ತದೆ. ಅದರ ಕೊಳವೆಯೊಳಗೆ ಸೂಜಿಯ ತುದಿಯಷ್ಟು ಒಂದು ಕಪ್ಪು ಕಡ್ಡಿ ಇದೆ. ಚಳಿ ಏರಿದಷ್ಟೂ ಅದು ಹಿಂದಕ್ಕೆ ಸರಿದು, ಎಲ್ಲಿಯ ತನಕ ಸರಿಯಿತೋ ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಅದನ್ನು ನೋಡಿ, ಪೇಟೆಯ ಹವಾಮಾನ ಆಫೀಸಿಗೆ ಫೋನಿನಲ್ಲಿ ಹೇಳಿ, ಕೊಳವೆ ಓರೆ ಮಾಡಿ ಕಡ್ಡಿಯನ್ನು ಜಾಗಕ್ಕೆ ತರಬೇಕು. ಇಷ್ಟೇ ಕೆಲಸ. ಕತ್ತೆಗೂ ಕಲಿಸಬಹುದು, ಫೋನು ಮಾಡುವುದೊಂದು ಬಿಟ್ಟರೆ.

ಅಪ್ಪನ ಕಾಲದಲ್ಲಿ ಗೂಡಿನ ಬಾಗಿಲು ಹಿಮಕ್ಕೆ ಅಂಟಿಕೊಂಡು, ಉಸಿರು ಊದಿ ಊದಿ ತೆಗೆಯಬೇಕಾಗುತ್ತಿತ್ತು. ಈಗ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಆಫೀಸಿನವನಿಗೆ ಮೊದಮೊದಲು ನನ್ನ ಮೇಲೇ ಅನುಮಾನ, ಕಡ್ಡಿ ಸರಿಯಾಗಿ ಜಾಗಕ್ಕೆ ತಂದಿರಾ ತಾಯಿ ಎಂದು ಕೇಳುತ್ತಿದ್ದ. ಹೊಸ ಥರ್ಮಾಮೀಟರು ಕಳಿಸಿದ. ಅದೂ ಅದನ್ನೇ ಹೇಳಿತು. ಆಮೇಲೆ ಅವನೇ ಒಪ್ಪಿಕೊಂಡ. ದೇಶದ ಎಲ್ಲ ಗೂಡುಗಳಲ್ಲೂ ಹೀಗೇ ಇದೆಯಂತೆ, ಹಗಲಿಗಿಂತ ರಾತ್ರಿಗಳೇ ಹೆಚ್ಚು ಬೆಚ್ಚಗಾಗುತ್ತಿವೆಯಂತೆ. ಈ ಮಾತನ್ನು ಮನೆಗೆ ಬಂದು ಹೇಳಿದರೆ ಅವ್ವ ತಲೆಯನ್ನೂ ಎತ್ತಲಿಲ್ಲ.

“ಮತ್ತೆ? ಹಗಲಲ್ಲಿ ನಡೆದ್ರೆ ಜನ ನೋಡಲ್ವಾ? ಅವನು ರಾತ್ರಿನೇ ನಡೆಯೋದು.”

ಅವಳ ಲೆಕ್ಕ ಹೀಗಿತ್ತು. ಗಂಡ ಸೆಕೆಯ ನಾಡಲ್ಲಿ ಸತ್ತ, ಸೆಕೆಯ ಮಣ್ಣು ಹೊದ್ದು ಮಲಗಿದ್ದ. ಎದ್ದು ಬರುವಾಗ ಅದನ್ನು ಒದರಿ ಬರಲು ಅವನಿಗೆ ಆಗುವುದಿಲ್ಲ. ಅವನು ಎಲ್ಲಿಯ ತನಕ ಬಂದನೋ ಸೆಕೆಯೂ ಅಲ್ಲಿಯ ತನಕ ಬರುತ್ತದೆ. ಕೆಳಗಿನ ತಿರುವಿನವರು ಬಾರ್ಲಿ ಬಿಟ್ಟು ಜೋಳ ಬಿತ್ತಿದ ವರ್ಷ ಅವನು ಆ ತಿರುವಿಗೆ ಬಂದ. ಅದರ ಮೇಲಿನವರ ಮನೆಗೋಡೆಯಲ್ಲಿ ಹಲ್ಲಿ ಕಾಣಿಸಿಕೊಂಡ ವರ್ಷ ಅಲ್ಲಿಗೆ. ಹಾಗೆಂದೇ ಹಲ್ಲಿಯನ್ನು ಹೊಡೆಯಬೇಡಿ ಎಂದು ಅವರಿಗೆ ಹೇಳಿ ಕಳಿಸಿದ್ದಳು. ಅವ್ವನಿಗೆ ಗೂಡೂ ಬೇಡ, ಕಡ್ಡಿಯೂ ಬೇಡ. ನಮ್ಮ ಹೆಂಗಸರೆಲ್ಲರಂತೆ ಅವಳು ತಲೆಗೆ ಹಚ್ಚಿಕೊಂಡ ಬೆಣ್ಣೆ ಮೊದಲು ಬಿಸಿಲೇರುವವರೆಗೆ ಗಟ್ಟಿಯಾಗಿ ಕೂತಿರುತ್ತಿತ್ತು. ಈಗ ಕೋಳಿ ಕೂಗುವಾಗಲೇ ಕುತ್ತಿಗೆಗೆ ಇಳಿಯುತ್ತದೆ. “ಹತ್ತಿರ ಬಂದವ್ನೆ,” ಎಂದು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು.

ಒಂದು ವರ್ಷ ಮಾತ್ರ ಹಳೆಯ ಕಾಲದ ಹಾಗೆ ಹಿಮ ಬಿದ್ದು ಬಟಾಣಿ ಗಿಡವೆಲ್ಲ ಕರಿಕಾಯಿತು. ನಿನ್ನ ಗಂಡ ಈಗೆಲ್ಲಿ ಹೋದ ಎಂದು ಅವ್ವನನ್ನು ಕೆಣಕಿದೆ. ಸುಸ್ತಾಗಿ ಕೂತಿದ್ದಾನೆ ಎಂದಳು. ಆಫೀಸಿನವನನ್ನು ಕೇಳಿದರೆ, ಸೆಕೆ ಒಂದು ವರ್ಷ ಹಿಂದೆ ಸರಿಯುತ್ತದೆ, ಇನ್ನೊಂದು ವರ್ಷ ಎರಡು ಹೆಜ್ಜೆ ಮುಂದೆ ಹಾಕುತ್ತದೆ, ನೀವು ಉದ್ದಕ್ಕೆ ನೋಡಬೇಕು ತಾಯಿ ಎಂದ. ಮಾರನೆಯ ವರ್ಷ ಹಾಗೇ ಆಯಿತು. ಆಗ ನನಗೆ ಮೊದಲ ಸಲ ಮೈ ಜುಂ ಎಂದಿತು. ಪೇಟೆಯ ಆಫೀಸಿನವನೂ ನಮ್ಮವ್ವನೂ ಒಬ್ಬನನ್ನೇ ನೋಡಿ ಮಾತಾಡುತ್ತಿರುವಂತೆ ಅನಿಸಿತು. ಅವತ್ತಿನಿಂದ ಮನೆಯಲ್ಲಿ ಥರ್ಮಾಮೀಟರಿನ ಸುದ್ದಿ ಎತ್ತುವುದನ್ನು ಬಿಟ್ಟೆ.

ಆ ವರ್ಷ ದೊಡ್ಡ ಮಳೆ ಮುಗಿದು ಬಯಲೆಲ್ಲ ಹಳದಿ ಹೂ ಅರಳಿತ್ತು. ಒಂದು ಮುಸ್ಸಂಜೆ ನಾನು ಹೆಂಚಿನ ಮೇಲೆ ಇಂಜೆರಾ ರೊಟ್ಟಿ ಹುಯ್ಯುತ್ತಿದ್ದೆ. ಅವ್ವ ಮಂಚದ ಮೇಲಿದ್ದಳು. ಇದ್ದಕ್ಕಿದ್ದಂತೆ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು. ನಾನೇನೂ ಮಾತಾಡುತ್ತಿರಲಿಲ್ಲ, ಹಿಟ್ಟು ಚರ್ರೆನ್ನುವುದೊಂದೇ ಸದ್ದು. ಅವಳ ಮುಖ ನೋಡಿ ಹೆದರಿದೆ. ಮದುವಣಗಿತ್ತಿಯ ಹಾಗೆ ನಾಚಿಕೊಂಡಿದ್ದಳು.

“ಬಂದ,” ಎಂದಳು. “ಕಿವೀಲಿ ಹಾಡ್ತವ್ನೆ.”

ನನಗೇನೂ ಕೇಳಿಸಲಿಲ್ಲ. ಮಾರನೆಯ ಸಂಜೆ ಬೇಕೆಂದೇ ಅವಳ ಪಕ್ಕದಲ್ಲಿ ಕೂತೆ. ಆಗ ಕೇಳಿಸಿತು. ದಾರದಷ್ಟು ಸಣ್ಣಗೆ, ಯಾರೋ ಬಲು ದೂರದಲ್ಲಿ ಮಾಸಿಂಕೊದ ತಂತಿಯ ಮೇಲೆ ಬಿಲ್ಲು ಎಳೆದಂತೆ. ತಲೆ ತಿರುಗಿಸಿದರೆ ಇಲ್ಲ. ಕಣ್ಣು ಮುಚ್ಚಿದರೆ ಕಿವಿಯ ಬಳಿಯೇ ಇದೆ. ಅಪ್ಪ ಮಾಸಿಂಕೊ ನುಡಿಸುತ್ತಿದ್ದ, ಕೆಟ್ಟದಾಗಿ. ಕೆಳನಾಡನ್ನು ಕಾಣದವಳು ನಾನು, ನಾನು ಕಂಡ ಪೇಟೆಯೂ ಇಲ್ಲಿಗಿಂತ ಚಳಿಯದು. ನಮ್ಮೂರಲ್ಲಿ ಹಾಗೆ ಹಾಡುವ ಯಾವುದೂ ಇರಲಿಲ್ಲ. ಹುಟ್ಟಿದಂದಿನಿಂದ ಆ ಮನೆಯ ಒಂದೊಂದು ಸದ್ದೂ ನನಗೆ ಗೊತ್ತು.

ನನ್ನ ಮಗಳು ಮಿತಿಕೆ ಅಜ್ಜಿಯ ಜತೆಗೇ ಮಲಗುವವಳು. ಇನ್ನೂ ಹಾಲುಹಲ್ಲು ಬೀಳದ ಮಗು. ಅವಳಪ್ಪ ಪೇಟೆಯಲ್ಲಿ ಇನ್ನೊಬ್ಬಳ ಮನೆ ಸೇರಿದ್ದಾನೆ, ಆ ಮಾತು ಇಲ್ಲಿ ಬೇಡ. ಅಪ್ಪ ಸತ್ತಾಗ ಮಿತಿಕೆ ಹುಟ್ಟಿರಲಿಲ್ಲ. ಮೊಮ್ಮಗಳ ಮುಖ ಅವನು ಕಂಡಿಲ್ಲವೆಂದು ಅವ್ವ ಸಂಜೆಯಾದರೆ ಮಗುವಿನ ಹೊದಿಕೆ ಸರಿಸಿ, ತೋಳು, ಕೆನ್ನೆ, ಕಾಲು ಎಲ್ಲ ಕಾಣುವಂತೆ ಮಲಗಿಸಲು ಶುರುಮಾಡಿದಳು. ನಾನು ಹೊದಿಸಿದರೆ ತೆಗೆಯುತ್ತಿದ್ದಳು. ಅಪ್ಪ ಬಂದು ಮುತ್ತು ಕೊಟ್ಟ ಗುರುತು ಎಂದು ಮಗುವಿನ ತೋಳಿನ ಕೆಂಪು ಗಂಧೆಗಳನ್ನು ನನಗೇ ತೋರಿಸಿದಳು. ಚಿಗಟ ಇರಬೇಕು ಎಂದು ಹಾಸಿಗೆ ಬಿಸಿಲಿಗೆ ಹಾಕಿದೆ.

ಹದಿನೈದು ದಿನವೂ ಆಗಿರಲಿಲ್ಲ, ಮಿತಿಕೆಗೆ ಜ್ವರ ಬಂತು. ಬಿಸಿಲು ತಾಗಿದೆ ಎಂದರು ಎಲ್ಲರೂ. ನಮ್ಮಲ್ಲಿ ಮಕ್ಕಳಿಗೆ ಜ್ವರ ಬಂದರೆ ಅದೇ ತಾನೇ ಇನ್ನೇನು? ದಮಕಸೆ ಸೊಪ್ಪು ಜಜ್ಜಿ ಹಣೆಗೆ, ಕುತ್ತಿಗೆಗೆ ಉಜ್ಜಿದೆ. ಮೂಗಿಗೆ ಹಿಂಡಿದೆ. ಮಾರನೆಯ ದಿನ ಬಿಟ್ಟಿತು, ಮಗು ಎದ್ದು ಆಡಿತು. ಅದರ ಮಾರನೆಯ ದಿನ ನಡುಕ. ದಪ್ಪನೆ ಹತ್ತಿಯ ಗಾಬಿ ನಾಲ್ಕು ಹೊದಿಸಿ ಮೇಲೆ ನಾನೇ ಮಲಗಿದರೂ ಹಲ್ಲು ಕಟಕಟ ಎನ್ನುವುದು ನಿಲ್ಲಲಿಲ್ಲ. ಆಮೇಲೆ ಮೈ ಕೆಂಡ. ಆಮೇಲೆ ಬೆವರು. ಮತ್ತೆ ಒಂದು ದಿನ ಬಿಡುವು, ಮತ್ತೆ ನಡುಕ. ಅವ್ವ ಮಾತ್ರ ಪಕ್ಕದಲ್ಲಿ ಕೂತು ಮಂದಹಾಸ ಬೀರುತ್ತಿದ್ದಳು. “ಹೆದರ್ಬೇಡ ಕಣೆ. ಅವನಿಗೂ ಹಿಂಗೇ ನಡುಕ ಬರ್ತಿತ್ತಂತೆ. ಮಗೂನ ಗುರುತು ಹಿಡಿದವ್ನೆ, ಅಷ್ಟೇಯ.”

ಆ ಮಾತಿಗೆ ನಾನು ಹೆತ್ತವ್ವನ ಮೇಲೆ ಕೈ ಎತ್ತುವವಳಿದ್ದೆ. ಹೊರಗೆ ಬಂದು ಗೋಡೆಗೆ ಗುದ್ದಿದೆ.

ಆರೋಗ್ಯ ಕೇಂದ್ರದ ಬಿರ್ಕೆಯನ್ನು ಕರೆತಂದೆ. ಅವಳು ಕೆಳನಾಡಿನ ಹುಡುಗಿ, ನಮ್ಮೂರಿಗೆ ಬಂದು ಎರಡು ಮಳೆಗಾಲವಾಗಿತ್ತು. ಮಗುವಿನ ಹೊಟ್ಟೆ ಒತ್ತಿ ನೋಡಿದಳು, ಕಣ್ಣಿನ ರೆಪ್ಪೆ ಮಗುಚಿದಳು. ಮಗುವನ್ನು ಯಾವತ್ತಾದರೂ ಕಲ್ಲುಬಾಗಿಲು ದಾಟಿಸಿದ್ದಿರಾ ಎಂದು ಕೇಳಿದಳು. ಎಂದೂ ಇಲ್ಲ. ಕೆಳಗಿಂದ ಯಾರಾದರೂ ಬಂದು ಉಳಿದಿದ್ದರಾ? ಇಲ್ಲ ಎಂದೆ. ಬಂದಿದ್ದಾನೆ ಎಂದಳು ಅವ್ವ. ಯಾರಮ್ಮ ಎಂದು ಬಿರ್ಕೆ ಕೇಳಿದರೆ, ನನ್ನ ಗಂಡ ಎಂದಳು.

ಬಿರ್ಕೆ ನನ್ನ ಮುಖ ನೋಡಿದಳು. ಸಂಜೆಯಾಗುತ್ತಿತ್ತು. ಅಷ್ಟರಲ್ಲಿ ಆ ಹಾಡು ಶುರುವಾಯಿತು. ಅವ್ವನ ತುಟಿ ಅರಳಿತು, ನನ್ನ ಬೆನ್ನು ಸೆಟೆಯಿತು. ಆದರೆ ಬಿರ್ಕೆಯ ಮುಖದಲ್ಲಿ ಕಂಡ ಭಯ ಬೇರೆಯೇ ಥರದ್ದು. ಅವಳು ಅಲುಗಾಡದೆ ಕೂತು, ಕಣ್ಣಲ್ಲೇ ಗಾಳಿಯನ್ನು ಹುಡುಕಿ, ಕೊನೆಗೆ ಮಗುವಿನ ಮುಂಗೈಯತ್ತ ಬೆರಳು ತೋರಿದಳು. ಬೂದು ಬಣ್ಣದ ಒಂದು ಹುಳ ಕೂತಿತ್ತು. ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ, ಮುಳ್ಳು ಚುಚ್ಚಿದ ಹಾಗೆ ಓರೆಯಾಗಿ. ಅದರ ಹೊಟ್ಟೆ ನೋಡನೋಡುತ್ತ ಕೆಂಪಾಯಿತು.

“ಸೊಳ್ಳೆ,” ಎಂದಳು ಬಿರ್ಕೆ. “ಇದು ಮಲೇರಿಯದ್ದು ಅಕ್ಕ. ಇದು ಇಲ್ಲಿ ಇರಬಾರದು. ಇಷ್ಟು ಮೇಲೆ ಇದು ಬದುಕಲ್ಲ, ರಾತ್ರಿ ಚಳಿಗೆ ಸತ್ತೋಗುತ್ತೆ ಅಂತ ನಮಗೆ ಹೇಳಿಕೊಟ್ಟಿದ್ದು.”

ರಾತ್ರಿಯ ಚಳಿ. ಅದು ಎಷ್ಟು ಉಳಿದಿದೆ ಎಂದು ಆ ಊರಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ನಾನೇ ಫೋನಿನಲ್ಲಿ ಹೇಳುತ್ತಿದ್ದೆ. ಹೇಳಿ, ಕಡ್ಡಿ ಜಾಗಕ್ಕೆ ತಂದು, ಬಾಗಿಲು ಹಾಕಿ ಬರುತ್ತಿದ್ದೆ. ಆ ಅಂಕಿ ನನ್ನ ಮಗಳ ಹಾಸಿಗೆಯ ತನಕ ಬರಬಹುದೆಂದು ಆಫೀಸಿನವನೂ ಹೇಳಿರಲಿಲ್ಲ.

ಬಿರ್ಕೆಯ ಬಳಿ ಪರೀಕ್ಷೆಯ ಸಾಮಾನಿರಲಿಲ್ಲ, ಮಾತ್ರೆಯೂ ಇರಲಿಲ್ಲ. ಜ್ವರವಿಲ್ಲದ ಊರಿಗೆ ಯಾರು ಕಳಿಸುತ್ತಾರೆ? ಎರಡೂ ಬೇಕಾದರೆ ಕೆಳಗೆ ಇಳಿಯಬೇಕು. ಬೆಳಕು ಹರಿಯುವ ಹೊತ್ತಿಗೆ ಹೇಸರಗತ್ತೆ ಹತ್ತಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟೆ. ಅವತ್ತು ನಡುಕದ ದಿನ. ಪಕ್ಕದ ಮನೆಯ ಶಿತಾಯೆ ದಾರಿಗೆ ಅಡ್ಡ ನಿಂತಳು. ಅವಳ ಇಬ್ಬರು ಗಂಡುಮಕ್ಕಳು ಕೆಳನಾಡಿನಲ್ಲೇ ಮಣ್ಣಾದವರು. ಜ್ವರ ಬಂದ ಮಗುವನ್ನು ಜ್ವರದ ನಾಡಿಗೇ ಒಯ್ಯುತ್ತೀಯಲ್ಲ, ನಿನಗೆ ತಲೆ ನೆಟ್ಟಗಿದೆಯಾ ಎಂದು ಅತ್ತಳು. ಕಲ್ಲುಬಾಗಿಲು ದಾಟಿಸಿದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದರು ಇನ್ನು ಕೆಲವರು. ಬಿಡದಿದ್ದರೆ ನಿಮ್ಮ ಮನೆ ಸೂರಿನ ಮೇಲೆ ಹತ್ತಿ ಬರುತ್ತೇನೆ ಎಂದು ಕತ್ತೆಗೆ ಏಟು ಕೊಟ್ಟೆ.

ಇಳಿಯುವಾಗ ಒಂದೊಂದು ತಿರುವಿನಲ್ಲೂ ಗಾಳಿ ಒಂದಿಷ್ಟು ಬೆಚ್ಚಗಾಗುತ್ತಿತ್ತು. ಜೋಳದ ಹೊಲಗಳು ಬಂಡೆಯ ಬುಡದ ತನಕ ಬಂದು ನಿಂತಿದ್ದವು. ಮಿತಿಕೆ ನನ್ನ ಬೆನ್ನಿಗೊರಗಿ ಏನೇನೋ ಬಡಬಡಿಸುತ್ತಿದ್ದಳು, ಅಜ್ಜ, ಅಜ್ಜ ಎನ್ನುತ್ತಿದ್ದಳು. ಕಂಡೇ ಇಲ್ಲದ ಅಜ್ಜ. ಅವಳನ್ನು ಬಿಡಪ್ಪ, ನಿನ್ನ ದಮ್ಮಯ್ಯ ಎಂದು ನಾನೂ ಗಟ್ಟಿಯಾಗಿ ಹೇಳಿಬಿಟ್ಟೆ. ಸೊಳ್ಳೆಯನ್ನು ಕಣ್ಣಾರೆ ಕಂಡ ಮೇಲೂ ಹೇಳಿದೆ. ಆ ದಾರಿಯಲ್ಲಿ ನನ್ನ ಹಿಂದೆ ಯಾರೂ ಇಲ್ಲ ಎಂದು ಎಷ್ಟು ಸಲ ತಿರುಗಿ ನೋಡಿ ಖಾತ್ರಿ ಮಾಡಿಕೊಂಡೆನೋ.

ಕೆಳಗಿನ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರು. ಅದೇ ಜ್ವರ. ಇನ್ನೆರಡು ದಿನ ತಡವಾಗಿದ್ದರೆ ಮಗುವನ್ನು ತರುವ ಕೆಲಸವೇ ಇರುತ್ತಿರಲಿಲ್ಲ ಎಂದ ಅಲ್ಲಿಯವನು, ಯಾವ ಮುಲಾಜೂ ಇಲ್ಲದೆ. ಮಾತ್ರೆ ಪುಡಿ ಮಾಡಿ ನೀರಲ್ಲಿ ಕುಡಿಸಿದರು. ವಾಂತಿ ಮಾಡಿಕೊಂಡಳು, ಮತ್ತೆ ಕುಡಿಸಿದರು. ಮೂರನೆಯ ದಿನ ಮಿತಿಕೆ ಎದ್ದು ಕೂತು ಹುರಿದ ಬಾರ್ಲಿ ಬೇಕು ಎಂದಳು. ನಾನು ಆ ಆಸ್ಪತ್ರೆಯ ಅಂಗಳದಲ್ಲಿ ಎಲ್ಲರೆದುರು ಕೂತು ದೊಡ್ಡ ದನಿ ತೆಗೆದು ಅತ್ತೆ. ಹೊರಡುವಾಗ ಒಂದು ಸೊಳ್ಳೆ ಪರದೆ ಕೊಟ್ಟರು. ಇನ್ನೊಂದು ಕೇಳಿದರೆ, ನಿಮ್ಮೂರು ಪಟ್ಟಿಯಲ್ಲೇ ಇಲ್ಲ, ಇದನ್ನೇ ಹೇಗೋ ಕೊಟ್ಟಿದ್ದೇನೆ ಎಂದ.

ಜ್ವರ ಬಿಟ್ಟಿದ್ದರಿಂದ ಕಲ್ಲುಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಮನೆ ಮುಟ್ಟುವಾಗ ಸಂಜೆ. ಮಂಚದ ಮೇಲೆ ಪರದೆ ಕಟ್ಟಿ ಮಗುವನ್ನು ಒಳಗೆ ಮಲಗಿಸಿದೆ, ನೀನೂ ಬಾ ಎಂದು ಅವ್ವನನ್ನು ಕರೆದೆ. ಅವಳು ಬರಲಿಲ್ಲ. ನೆಲದ ಮೇಲೆ ಚರ್ಮದ ಚಾಪೆ ಹಾಸಿ ಕೂತು, ಗಾಬಿ ಸರಿಸಿ, ತೋಳನ್ನು ಹೆಗಲವರೆಗೆ ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡಳು.

“ಮಗೂನ ಕೊಡ್ಲಿಲ್ಲ ನೀನು. ಸರಿ, ನಿನ್ನ ಮಗಳು, ನಿನ್ನ ಇಷ್ಟ. ಅಷ್ಟು ದೂರ ನಡ್ಕೊಂಡು ಬಂದವ್ನೆ. ಬರಿಗೈಲಿ ಕಳಿಸ್ಲಾ?”

ನಾನು ಬೈದೆ. ಕೆಳಗೆ ಅವರು ಹೇಳಿದ್ದನ್ನೆಲ್ಲ ಹೇಳಿದೆ. ಅವ್ವ ಕೇಳಿಸಿಕೊಂಡಳು, ತಲೆಯಾಡಿಸಿದಳು, ತೋಳನ್ನು ಮಾತ್ರ ಮುಚ್ಚಲಿಲ್ಲ. ಆಮೇಲೆ ಆ ಹಾಡು ಬಂತು. ಅವಳ ತೋಳಿನ ಮೇಲೆ ಅದು ಇಳಿಯುವುದನ್ನು ಒಲೆಯ ಬೆಳಕಲ್ಲಿ ಕಂಡೆ. ಎರಡು ಹೆಜ್ಜೆ ಹಾಕಿ ಹೊಡೆದೆ. ಸಿಟ್ಟೆಲ್ಲ ಸೇರಿಸಿ ಹೊಡೆದೆ, ಅವಳ ತೋಳಲ್ಲಿ ನನ್ನ ಐದು ಬೆರಳೂ ಮೂಡಿದವು. ಅಂಗೈಯಲ್ಲಿ ಒಂದು ಕೆಂಪು ಮಚ್ಚೆ, ಅದರ ನಡುವೆ ಎರಡು ಕಾಲು, ಒಂದು ರೆಕ್ಕೆ.

ಅವ್ವ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಹೆಗಲ ಮೇಲೆ ಹೊದೆಯುವ ತೆಳು ನೆಟೆಲಾದ ಅಂಚಿನಿಂದ ಒಂದು ಚೂರು ಹರಿದು, ನನ್ನ ಅಂಗೈಯಿಂದ ಅದನ್ನು ಮೆಲ್ಲಗೆ ತೆಗೆದು ಅದರಲ್ಲಿ ಸುತ್ತಿದಳು. ಅವನ ಮುಖ ನೋಡಿದೆ ಎಂದಳು. ಅಷ್ಟೇ.

ಬೆಳಗಿನ ಜಾವ ಅವಳು ಅಂಗಳಕ್ಕಿಳಿದು ಗೋಳಿಟ್ಟಳು. ಅಷ್ಟು ವರ್ಷ ಕಟ್ಟಿಟ್ಟಿದ್ದ ಅಳು. ಎದೆ ಬಡಿದುಕೊಂಡು, ಅಪ್ಪನ ಹೆಸರು ಕೂಗಿ, ಅವನ ಉಳುಮೆ, ಅವನ ಕೆಟ್ಟ ಸಂಗೀತ, ಅವನ ಮಂಡಿನೋವು ಎಲ್ಲವನ್ನೂ ಎತ್ತಿ ಆಡಿ ಅತ್ತಳು. ನಮ್ಮಲ್ಲಿ ಗೋಳು ಕೇಳಿಸಿದರೆ ಯಾರು, ಏನು ಎಂದು ವಿಚಾರಿಸುತ್ತ ಕೂರುವುದಿಲ್ಲ, ಓಡಿ ಬರುತ್ತಾರೆ. ಊರೇ ಬಂತು. ಪಾದ್ರಿ ತಿರುನೆಹ್ ಬಟ್ಟೆಯ ಗಂಟು ನೋಡಿ ಚರ್ಚಿನ ಅಂಗಳದಲ್ಲಿ ಆಗದು ಎಂದರು, ಆದರೆ ಗೋಡೆಯ ಹೊರಗೆ ಅವ್ವ ಕೈಯಿಂದ ಮಣ್ಣು ತೋಡುವಾಗ ಅಡ್ಡಿ ಮಾಡಲಿಲ್ಲ. ಬಿಳಿ ಗೂಡಿನ ನೆರಳಿನಲ್ಲಿ ಹೂತೆವು. ನಾನೂ ಮಣ್ಣು ಹಾಕಿದೆ. ನಗು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಅಪ್ಪನಿಗಾಗಿ ನಾನೂ ಅತ್ತಿರಲಿಲ್ಲ ಎಂದು ಆಗ ಗೊತ್ತಾಯಿತು.

ಮಾರನೆಯ ದಿನ ಸಂಜೆಯೂ ದುಃಖ ಹಂಚಿಕೊಳ್ಳುವವರಿಂದ ಮನೆ ತುಂಬಿತ್ತು. ಇಂಜೆರಾ ತಂದಿದ್ದರು, ಕಾಫಿ ಸುತ್ತು ಹೊಡೆಯುತ್ತಿತ್ತು. ಮಿತಿಕೆ ಪರದೆಯೊಳಗೆ ನಿದ್ದೆ ಹೋಗಿದ್ದಳು. ಅವ್ವ ಹಗುರಾಗಿದ್ದಳು, ಗಾಬಿಯನ್ನು ಮೈತುಂಬ ಹೊದ್ದು ಕೂತಿದ್ದಳು. ಹೊರಗೆ ಬೆಳಕು ಹೋಗುತ್ತಿದ್ದಂತೆ ಮಾತು ತಾನಾಗಿ ಕಡಿಮೆಯಾಯಿತು. ಮೊದಲು ಶಿತಾಯೆ ಕಿವಿಯ ಬಳಿ ಕೈ ಒಯ್ದು ಅಲ್ಲೇ ನಿಲ್ಲಿಸಿದಳು. ಆಮೇಲೆ ಅವಳ ಪಕ್ಕದವಳು. ಆಮೇಲೆ ಬಾಗಿಲ ಬಳಿಯ ಮುದುಕ. ಒಬ್ಬೊಬ್ಬರದೇ ತಲೆ ಒಂದೊಂದು ಕಡೆಗೆ ವಾಲಿತು.

ಈ ಸಲ ಒಂದಲ್ಲ. ಮನೆಯ ತುಂಬ ಇದ್ದವು.

“ಇದು ನಮ್ಮದಲ್ಲ,” ಎಂದಳು ಅವ್ವ, ಎಲ್ಲರನ್ನೂ ನೋಡಿ, ಮೆತ್ತಗೆ. “ನಮ್ಮದನ್ನ ನಿನ್ನೆ ಹೂತಾಯ್ತು. ಇವೆಲ್ಲ ಯಾರ್ಯಾರ ಮನೆಯವೋ, ಕೇಳಿ ನೋಡಿ.”

ಕೆಳನಾಡಿಗೆ ಒಬ್ಬ ಗಂಡಸನ್ನಾದರೂ ಕೊಡದ ಮನೆ ನಮ್ಮೂರಲ್ಲಿಲ್ಲ. ಸೊಳ್ಳೆ, ಬರೀ ಸೊಳ್ಳೆ, ಮೈ ಮುಚ್ಚಿಕೊಳ್ಳಿ, ಎದ್ದು ಹೊರಗೆ ನಡೀರಿ ಎಂದು ನಾನು ಕೂಗಿಕೊಂಡೆ. ಯಾರೂ ನನ್ನತ್ತ ತಿರುಗಲಿಲ್ಲ. ಒಂದು ಮೂಲೆಯಿಂದ ಯಾರೋ ಒಂದು ಹೆಸರನ್ನು ಪಿಸುಗುಟ್ಟಿದರು. ಇನ್ನೊಂದು ಮೂಲೆಯಿಂದ ಇನ್ನೊಂದು ಹೆಸರು. ಶಿತಾಯೆ ತನ್ನ ಇಬ್ಬರು ಮಕ್ಕಳ ಹೆಸರನ್ನೂ ಹೇಳಿ, ನೆಟೆಲಾ ಸರಿಸಿ ಎರಡೂ ತೋಳು ಬಿಚ್ಚಿದಳು. ನಾನು ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಒತ್ತಿ ಒತ್ತಿ ಸೇರಿಸಿ, ಅದರ ಮೇಲೆ ಕೂತುಕೊಂಡೆ.